ಟಾಕಿಯೊಳಗೆ ಯಾರೂ ಇಲ್ಲ

ಭಾನುವಾರ ನಮ್ಮ ಮನೆಯ ಅಂಗಳದ ತಂತಿಯ ಮೇಲೆ ಮಕ್ಕಳ ಶಾಲೆಯ ಅಂಗಿಗಳ ಮತ್ತು ನನ್ನ ಎರಡು ಸೀರೆಗಳ ನಡುವೆ ಒಂದು ನೀಲಿ ಕೊರಳಪಟ್ಟಿಯೂ ಒಣಗುತ್ತಿರುತ್ತದೆ. ಕಾರ್ಖಾನೆಯ ಗುರುತಿನ ಕಾರ್ಡನ್ನು ನೇತುಹಾಕುವ ಪಟ್ಟಿ ಅದು. ವಾರವಿಡೀ ನನ್ನ ಬೆವರನ್ನೂ, ಸೋಯಾ ಕಾಳಿನ ಧೂಳನ್ನೂ, ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸಿನ ಕಿಟಕಿಯ ಮಣ್ಣನ್ನೂ ಕುಡಿದು ಕಪ್ಪಾದ ಆ ಪಟ್ಟಿಯನ್ನು ಒಂದು ದಿನವಾದರೂ ಸೋಪಿನ ನೀರಿಗೆ ಅದ್ದದಿದ್ದರೆ ಕೊರಳ ಸುತ್ತ ಗೆರೆ ಮೂಡುತ್ತದೆ. ಪಟ್ಟಿಯಿಂದ ಬಿಚ್ಚಿದ ಕಾರ್ಡು ಅಷ್ಟು ಹೊತ್ತು ಅಡುಗೆಮನೆಯ ಮಾಡದಲ್ಲಿ, ಶೇಂಗಾ ಹಿಂಡಿಯ ಡಬ್ಬಿಗೆ ಒರಗಿಕೊಂಡು, ನನ್ನನ್ನೇ ನೋಡುತ್ತಿರುತ್ತದೆ. ಅದರಲ್ಲಿರುವ ನಾನು ಈಗಿನ ನನಗಿಂತ ಸ್ವಲ್ಪ ದುಂಡಗೆ, ಸ್ವಲ್ಪ ಧೈರ್ಯವಾಗಿ ಇದ್ದೇನೆ. ಗೆಳೆಯರೆ, ನಿಮ್ಮ ಕಾರ್ಡಿನಲ್ಲಿಯೂ ನಿಮಗಿಂತ ಒಳ್ಳೆಯವರೊಬ್ಬರು ಇದ್ದಾರೆಂದು ನಿಮಗೆ ಎಂದಾದರೂ ಅನಿಸಿದೆಯೆ?

ಮೊದಲೆಲ್ಲ ಈ ಕಾರ್ಡಿನ ಬಗ್ಗೆ ನನಗೆ ಇಂಥ ಹಗುರ ಯೋಚನೆಗಳೇ ಬರುತ್ತಿದ್ದವು. ಈಗ ಅದನ್ನು ಕೈಗೆತ್ತಿಕೊಂಡರೆ ಅಂಗೈ ತಣ್ಣಗಾಗುತ್ತದೆ. ಯಾಕೆಂದು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ನಿಮ್ಮನ್ನು ಕಾಯಿಸುವ ಜಾಣತನ ನನಗೆ ಬೇಡ. ಒಂದು ಮಧ್ಯಾಹ್ನ ನಮ್ಮ ಕಾರ್ಖಾನೆಯ ಕಾಳು ತುಂಬುವ ಕಬ್ಬಿಣದ ಟಾಕಿಯೊಳಗೆ ಮೂವರು ಜೀವಂತ ಮನುಷ್ಯರಿದ್ದರು. ಅದೇ ಹೊತ್ತಿಗೆ ನಮ್ಮ ಕಂಪ್ಯೂಟರಿನ ಪರದೆ, ಒಳಗೆ ಯಾರೂ ಇಲ್ಲ ಎಂದಿತು. ಪರದೆಯ ಮಾತನ್ನು ಯಂತ್ರ ನಂಬಿತು. ಆ ಮೂವರೂ ಇಂದು ಬದುಕಿದ್ದಾರೆ. ಆದರೆ ನನ್ನೊಳಗೆ ಆ ಮಧ್ಯಾಹ್ನ ಇನ್ನೂ ಮುಗಿದಿಲ್ಲ.

ನಾನು ಓದಿದ್ದು ಬಸವಕಲ್ಯಾಣದಲ್ಲಿ, ಬಿ.ಕಾಂ. ಕೆಲಸ ಹುಮನಾಬಾದಿನ ಹೆದ್ದಾರಿಯ ಬದಿಯ ಸೋಯಾ ಎಣ್ಣೆಯ ಕಾರ್ಖಾನೆಯೊಂದರಲ್ಲಿ, ಟೈಮ್ ಆಫೀಸಿನಲ್ಲಿ. ಯಾರು ಬಂದರು, ಯಾರು ಹೋದರು, ಯಾರು ಅರ್ಧ ದಿನದಲ್ಲೇ ಹೊಟ್ಟೆನೋವೆಂದು ಜಾರಿಕೊಂಡರು ಎಂದು ಹಾಜರಿ ಇಡುವ ಕೋಣೆ ಅದು. ಅದರ ಮುಖ್ಯಸ್ಥರು ಶರಣಪ್ಪ ಕಾಕಾ. ನನ್ನ ಸ್ವಂತ ಕಾಕಾ ಅಲ್ಲ, ಕಾರ್ಖಾನೆಗೆಲ್ಲ ಕಾಕಾ. ನೂರಾರು ಜನರ ಮುಖ, ಅವರ ಊರು, ಅವರ ಮನೆಯ ಮದುವೆ ಮುಂಜಿ ಅವರ ನಾಲಿಗೆಯ ತುದಿಯಲ್ಲಿರುತ್ತವೆ. ಕಂಪ್ಯೂಟರಿನ ಮೌಸನ್ನು ಮಾತ್ರ ಅವರು ಇಂದಿಗೂ ಬಿಸಿ ರೊಟ್ಟಿ ಮುಟ್ಟಿದಂತೆ ಮುಟ್ಟುತ್ತಾರೆ.

ನಮ್ಮಲ್ಲಿ ಹೆಸರುಗಳು ಎರಡು ಕಡೆ ಇದ್ದವು. ಪಗಾರಿನ ಲೆಕ್ಕದ ತಂತ್ರಾಂಶ ಬಸವಕಲ್ಯಾಣದ ಮುಖ್ಯ ಕಚೇರಿಯಲ್ಲಿ. ಬಾಗಿಲುಗಳ ಕಾರ್ಡಿನ ವ್ಯವಸ್ಥೆ ಹುಮನಾಬಾದಿನ ಕಾರ್ಖಾನೆಯಲ್ಲಿ. ಒಂದಕ್ಕೆ ಇನ್ನೊಂದರ ಸುದ್ದಿ ಗೊತ್ತಿರಲಿಲ್ಲ. ಕೆಲಸ ಬಿಟ್ಟು ಪುಣೆಗೆ ಹೋದವನ ಕಾರ್ಡು ಇಲ್ಲಿ ಇನ್ನೂ ಬಾಗಿಲು ತೆರೆಯುತ್ತಿತ್ತು. ತೀರಿಕೊಂಡವರೊಬ್ಬರ ಕಾರ್ಡನ್ನು ಅವರ ಅಳಿಯ ಕ್ಯಾಂಟೀನಿನಲ್ಲಿ ತೋರಿಸಿ ಚಹಾ ಕುಡಿಯುತ್ತಿದ್ದನಂತೆ. ಇದಕ್ಕೆಲ್ಲ ಕೊನೆ ಹಾಡಲು ಆಡಳಿತದವರು ಹೊಸದೊಂದು ತಂತ್ರಾಂಶ ಕೊಂಡರು, ಇಡೀ ಸಂಸ್ಥೆಯಲ್ಲಿ ಯಾರು ಯಾರೆಂಬುದನ್ನು ಒಂದೇ ಕಡೆ ಇಟ್ಟುಕೊಳ್ಳುವಂಥದ್ದು. ಅದನ್ನು ನಮ್ಮ ಹಳೆಯ ಎರಡು ವ್ಯವಸ್ಥೆಗಳಿಗೆ ಬೆಸೆಯುವ ಪುಟ್ಟ ತಂತ್ರಾಂಶವೇ ಕನೆಕ್ಟರ್. ಅದನ್ನು ಹಾಕಿಕೊಡಲು ಕಲಬುರಗಿಯಿಂದ ನವೀದ್ ಎಂಬ ಎಂಜಿನಿಯರ್ ಬಂದ. ಸಣ್ಣ ದನಿಯ, ಚಹಾಕ್ಕೆ ಸಕ್ಕರೆ ಬೇಡವೆನ್ನುವ, ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಕೇಳುವ ಹುಷಾರಿನ ಹುಡುಗ.

"ಇದು ಏನ್ ಮಾಡ್ತದ ಅಂತ ನನಗ ತಿಳಿಯೋ ಹಂಗ ಹೇಳ್ರಿ ಸಾಹೇಬ್ರ," ಎಂದು ಕಾಕಾ ಕುರ್ಚಿ ಎಳೆದುಕೊಂಡು ಕೂತರು.

"ಕಲ್ಯಾಣದಾಗ ಇರೋ ಪಗಾರಿನ ಲಿಸ್ಟ್ ಓದ್ತದ್ರಿ. ಇಲ್ಲಿ ಕಾರ್ಡಿನ ಲಿಸ್ಟಿಗಿ ಹೋಗಿ ಹೇಳ್ತದ. ಅಲ್ಲಿ ಹೊಸ ಮನಷ್ಯಾ ಬಂದ ಅಂದ್ರ ಇಲ್ಲಿ ಕಾರ್ಡ್ ಚಾಲೂ. ಅಲ್ಲಿ ಖಾತೆ ಮುಚ್ಚಿತು ಅಂದ್ರ ಇಲ್ಲಿ ಕಾರ್ಡ್ ಬಂದ್."

"ಅಂದ್ರ ಎರಡು ಮನಿ ನಡುವ ಓಡಾಡೋ ಮದುವಿ ದಲಾಲ ಅನ್ರಿ."

ನವೀದ್ ನಕ್ಕ. "ಹೌದ್ರಿ ಕಾಕಾ. ಆದ್ರ ಈ ದಲಾಲ ಸುಳ್ಳ ಹೇಳಂಗಿಲ್ಲ."

"ಹಂಗಾದ್ರ ಮದುವಿ ಆದಂಗ!" ಎಂದರು ಕಾಕಾ. ನಾವೆಲ್ಲ ನಕ್ಕೆವು. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಯಾಕೆಂದರೆ ಆಮೇಲೆ ನಡೆದದ್ದೂ ಅದೇ: ಆ ಕನೆಕ್ಟರ್ ಒಂದು ಅಕ್ಷರವೂ ಸುಳ್ಳು ಹೇಳಲಿಲ್ಲ.

ಹಾಕುವ ಕೆಲಸದಲ್ಲಿ ನೋಡಲು ಏನೂ ಇರಲಿಲ್ಲ. ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬಿತು, ಅಷ್ಟೇ. ಕಷ್ಟವಿದ್ದದ್ದು ಅದಕ್ಕೆ ಬುದ್ಧಿ ಹೇಳುವುದರಲ್ಲಿ. ಇಲ್ಲಿಯ ಮನುಷ್ಯ ಅಲ್ಲಿಯ ಯಾವ ಮನುಷ್ಯ ಎಂದು ಯಾವ ಗುರುತಿನಿಂದ ತಿಳಿಯಬೇಕು? ಪ್ರತಿಯೊಬ್ಬರಿಗೂ ಕೊಟ್ಟ ಟೋಕನ್ ನಂಬರಿನಿಂದ. ಎಷ್ಟೆಷ್ಟು ಹೊತ್ತಿಗೊಮ್ಮೆ ಎರಡೂ ಕಡೆ ಹೋಲಿಸಿ ನೋಡಬೇಕು? ಗಂಟೆಗೊಮ್ಮೆ. ಪಗಾರಿನ ಕಡೆ ಖಾತೆ ಮುಚ್ಚಿದವರನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಬಂದಾಗ ನವೀದ್ ಕೈ ತಡೆದ.

"ಕಾಕಾ, ಇಲ್ಲಿ ಜರಾ ವಿಚಾರ ಮಾಡಿ ಹೇಳ್ರಿ. ಖಾತೆ ಮುಚ್ಚಿದಾವ್ರು ಭಾಳ ಮಂದಿ ಅದಾರ. ಇವ್ರು ಯಾರೂ ಕಾರ್ಖಾನಿಗಿ ಕೆಲಸಕ್ಕ ಬರಂಗಿಲ್ಲ ಅಲ್ಲಾ?"

"ಅವ್ರೆಲ್ಲಾ ಸೀಝನ್ ಮಂದಿ. ಸೀಝನ್ ಮುಗೀತು, ಕೆಲಸ ಮುಗೀತು. ಹೊಸ ಕಾಳು ಬಂದ ಮ್ಯಾಲ ಮತ್ತ ಖಾತೆ ತೆರೀತೀವಿ. ಅಲ್ಲೀ ತನಕ ಯಾರೂ ಕೆಲಸಕ್ಕ ಬರಂಗಿಲ್ರಿ."

"ಖರೇನಾ?"

"ಖರೇರಿ. ನಾ ಹಾಜರಿ ಹಾಕಾವ, ನನಗ ಗೊತ್ತಿಲ್ಲೇನು?"

ನವೀದ್ ಅಷ್ಟಕ್ಕೇ ಬಿಡಲಿಲ್ಲ. ಚಾಲೂ ಮಾಡುವ ಮೊದಲು ಯಾರ ಯಾರ ಕಾರ್ಡು ನಿಲ್ಲುತ್ತದೆ ಎಂಬುದನ್ನು ಪರದೆಯ ಮೇಲೆ ತೋರಿಸಿದ. ಕಾಕಾ ಕನ್ನಡಕ ಏರಿಸಿ ಒಂದೊಂದೇ ಹೆಸರನ್ನು ಓದಿದರು. ಪ್ರತಿ ಹೆಸರಿಗೂ ಅವರ ಬಳಿ ಒಂದು ಮಾತಿತ್ತು. ಇವನು ಮನ್ನಾಏಖೇಳ್ಳಿಯವ, ಎತ್ತಿನಂಥ ಆಳು, ಬೆಕ್ಕಿಗೆ ಅಂಜುತ್ತಾನೆ. ಇವನ ಹೆಂಡತಿ ನಾರಾಯಣಪುರದವಳು. ಮುಡಬಿಯ ಕಾಶಿನಾಥನ ಹೆಸರು ಬಂದಾಗ ಕಾಕಾ ನಕ್ಕೇಬಿಟ್ಟರು: "ಇವನ ಕಾರ್ಡ್ ಬಂದ್ ಮಾಡಬಹುದ್ರಿ ಸಾಹೇಬ್ರ, ಬಾಯಿ ಬಂದ್ ಮಾಡೋದು ನಿಮ್ಮ ಮಷೀನಿನ ಕಡಿಂದ ಆಗಂಗಿಲ್ಲ." ನಾನೂ ನಕ್ಕೆ.

ಆ ಗಳಿಗೆಯಲ್ಲಿ ಕಾಶಿನಾಥ ನಮ್ಮ ಕಿಟಕಿಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಎರಡನೆಯ ಟಾಕಿಯೊಳಗೆ, ತಮ್ಮ ಮಾಣಿಕ ಮತ್ತು ನೆರೆಮನೆಯ ತುಕಾರಾಮನ ಜೊತೆ ಸಲಿಕೆ ಹಿಡಿದು ನಿಂತಿದ್ದ.

ಇದು ಹೇಗೆ ಸಾಧ್ಯ ಎಂದು ನೀವು ಕೇಳುವಿರಿ. ಆಮೇಲೆ ವಿಚಾರಣೆಗೆ ಬಂದವರೆಲ್ಲ ಕೇಳಿದರು. ಉತ್ತರ ಹೇಳಲು ಹೋದಾಗೆಲ್ಲ ನಾನೇ ತೊದಲಿದ್ದೇನೆ. ಆದರೂ ಹೇಳುತ್ತೇನೆ.

ನಮ್ಮ ಕಾರ್ಖಾನೆಯಲ್ಲಿ ಹೊಸ ಸೋಯಾ ಬರುವ ಮೊದಲು, ಶ್ರಾವಣ ಕಳೆದ ಮೇಲೆ, ಕಾಳು ತುಂಬುವ ಟಾಕಿಗಳನ್ನು ತಿಕ್ಕಿ ತೊಳೆಯುವ ರೂಢಿಯಿದೆ. ಮೂರು ಮಾಳಿಗೆಯ ಮನೆಗಿಂತ ಎತ್ತರದ ಕಬ್ಬಿಣದ ಟಾಕಿಗಳು ಅವು. ಹಳೆಯ ಕಾಳು ಗೋಡೆಗೆ ಹೆಪ್ಪುಗಟ್ಟಿ ಬೂಷ್ಟು ಹಿಡಿದಿರುತ್ತದೆ. ಹಿಂದಿನ ಸೀಝನ್ನಿನಲ್ಲಿ ಯಾರು ಆ ಟಾಕಿಗೆ ಕಾಳು ತುಂಬಿದರೋ ಅವರೇ ಬಂದು ಅದನ್ನು ಸ್ವಚ್ಛ ಮಾಡಬೇಕು. ಹಾಗೆಂದು ಯಾರೂ ಆಜ್ಞೆ ಮಾಡಿಲ್ಲ. ಮೊದಲ ಟಾಕಿ ಕಟ್ಟಿದ ದಿನದಿಂದ ಹಾಗೆಯೇ ನಡೆದುಬಂದಿದೆ. ಆ ದಿನ ಅವರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಚಪ್ಪಲಿ ಹೊರಗೆ ಬಿಟ್ಟು ಟಾಕಿಯೊಳಗೆ ಹೋಗುತ್ತಾರೆ. ಮಧ್ಯಾಹ್ನ ಮಾಲೀಕರ ಕಡೆಯಿಂದ ಗೋಧಿ ಹುಗ್ಗಿಯ ಊಟ, ಹೆಗಲಿಗೊಂದು ಹೊಸ ಟವೆಲ್. ಅದಕ್ಕೆ ಹಾಜರಿ ಇಲ್ಲ. ಒಮ್ಮೆ ಹೊಸಬರಾದ ಮ್ಯಾನೇಜರರೊಬ್ಬರು ಹಾಜರಿ ಹಾಕಿ ಎಂದಾಗ ಕಾಶಿನಾಥನೇ ಮುಖ ಕೆಂಪಗೆ ಮಾಡಿಕೊಂಡು, "ಸೇವಾಕ್ಕ ಹಾಜರಿ ಹಚ್ತೀರೇನ್ರಿ?" ಎಂದಿದ್ದನಂತೆ.

ಹಾಗಾಗಿ ನವೀದ್ "ಕೆಲಸಕ್ಕೆ ಬರುತ್ತಾರೆಯೇ" ಎಂದು ಕೇಳಿದಾಗ ಕಾಕಾ ಪೂರ್ಣ ಪ್ರಾಮಾಣಿಕವಾಗಿ ಇಲ್ಲವೆಂದರು. ಅವರ ಮನಸ್ಸಿನಲ್ಲಿ ಟಾಕಿ ತಿಕ್ಕುವುದು ಕೆಲಸದ ಖಾನೆಯಲ್ಲಿ ಎಂದೂ ಕೂತಿರಲಿಲ್ಲ. ಹಬ್ಬದ ದಿನ ಮನೆಗೆ ಬಂದ ನೆಂಟರನ್ನು ನಾವು ಮನೆಯ ಜನರೆಂದು ಲೆಕ್ಕ ಹಾಕುತ್ತೇವೆಯೆ? ಇವರೂ ಹಾಗೆ. ತೀರ ಹತ್ತಿರದ ಸಂಗತಿಗಳು ಕಣ್ಣಿಗೆ ಬೀಳುವುದಿಲ್ಲ. ನಾನು ಟೈಮ್ ಆಫೀಸಿಗೆ ಸೇರಿದ ಮೇಲೆ ಪ್ರತಿ ವರ್ಷ ಆ ಹುಗ್ಗಿ ಉಂಡಿದ್ದೇನೆ. ನನಗೂ ಹೊಳೆಯಲಿಲ್ಲ.

ಈಗ ಆ ಟಾಕಿಯ ಒಳಗನ್ನು ನಿಮಗೆ ತೋರಿಸಬೇಕು. ನೆಲದ ಮೇಲೆ ಉದ್ದಕ್ಕೂ ಒಂದು ಕಬ್ಬಿಣದ ತಿರುಪು ಮಲಗಿರುತ್ತದೆ. ತಿರುಗುತ್ತ, ಜೊತೆಗೆ ಗಡಿಯಾರದ ಮುಳ್ಳಿನಂತೆ ನೆಲವನ್ನೆಲ್ಲ ಸುತ್ತುತ್ತ, ಅದು ಕಾಳನ್ನು ನಡುವಿನ ಕಂಡಿಗೆ ತಳ್ಳುತ್ತದೆ. ಅದಕ್ಕೆ ಕಾಳು, ಕಲ್ಲು, ಕಾಲು ಎಲ್ಲ ಒಂದೇ. ಟಾಕಿಯ ಬುಡದಲ್ಲಿ ಬಾಗಿ ಒಳಹೋಗುವಷ್ಟು ಚಿಕ್ಕ ಬಾಗಿಲು, ಅದರ ಪಕ್ಕದಲ್ಲಿ ಕಾರ್ಡು ಮುಟ್ಟಿಸುವ ಡಬ್ಬಿ. ಒಳಗೆ ಹೋಗುವವರು ಕಾರ್ಡು ಮುಟ್ಟಿಸಬೇಕು, ಹೊರಗೆ ಬಂದಾಗ ಮತ್ತೆ ಮುಟ್ಟಿಸಬೇಕು. ಒಬ್ಬರ ಹೆಸರಾದರೂ ಒಳಗಿರುವ ತನಕ ತಿರುಪಿನ ಮೋಟಾರು ಎಷ್ಟು ಒತ್ತಿದರೂ ಚಾಲೂ ಆಗುವುದಿಲ್ಲ. ನಮ್ಮ ಗೋಡೆಯ ಮೇಲಿನ ಫಲಕದಲ್ಲಿ ಆ ಟಾಕಿಗೆ ಕೆಂಪು ದೀಪ ಉರಿಯುತ್ತದೆ. ಒಳ್ಳೆಯ ವ್ಯವಸ್ಥೆ. ಅದು ಬಂದ ಮೇಲೆ ನಾವೆಲ್ಲ ನಿಶ್ಚಿಂತರಾಗಿದ್ದೆವು. ನಮ್ಮ ನಿಶ್ಚಿಂತೆಯೇ ಆ ದಿನ ನಮ್ಮನ್ನು ಅಷ್ಟು ಆಳಕ್ಕೆ ತಳ್ಳಿತು.

ಬೆಳಿಗ್ಗೆ ಕಾಶಿನಾಥ ಗೇಟಿನಲ್ಲಿ ನನ್ನನ್ನು ಕಂಡು, "ಅಕ್ಕೋರ, ಇವತ್ತ ಹುಗ್ಗಿ ತಿನ್ನಾಕರೆ ನಮ್ಮ ಸಾಲಿನ್ಯಾಗ ಕುಂದರ್ರಿ. ಫ್ಯಾನಿನ ಕೆಳಗ ಕುಂತು ಕುಂತು ನಿಮಗ ಹಸಿವಿ ಅಂದ್ರ ಏನಂತ ಮರ್ತೇ ಹೋಗ್ಯದ," ಎಂದು ಕೆಣಕಿದ್ದ. ಅವನಿಗೆ ನನಗಿಂತ ವಯಸ್ಸು ಹೆಚ್ಚು. ಆದರೂ ಅಕ್ಷರ ಕಲಿತ ಹೆಂಗಸರೆಲ್ಲ ಅವನ ಪಾಲಿಗೆ ಅಕ್ಕೋರು. ಆಮೇಲೆ ಮೂವರೂ ಕಾರ್ಡು ಮುಟ್ಟಿಸಿ ಟಾಕಿಯೊಳಗೆ ಬಾಗಿದ್ದನ್ನು ನಾನು ಕಿಟಕಿಯಿಂದ ಕಂಡಿದ್ದೆ. ಕಂಡದ್ದು ಕಣ್ಣಿನಲ್ಲಿ ಉಳಿಯಿತು, ಬುದ್ಧಿಗೆ ತಲುಪಲಿಲ್ಲ.

ಊಟದ ಹೊತ್ತಾಗುತ್ತ ಬಂದಿತ್ತು. ನವೀದ್ ಚಾಲೂ ಮಾಡುವ ಕೀಲಿ ಒತ್ತಿದ. ಪರದೆಯ ಮೇಲೆ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹರಿಯತೊಡಗಿದವು. ಪ್ರತಿ ಹೆಸರಿನ ಮುಂದೆ ಒಂದೇ ಮಾತು: ನಿಷ್ಕ್ರಿಯ, ನಿಷ್ಕ್ರಿಯ, ನಿಷ್ಕ್ರಿಯ. ಕೊನೆಗೆ ಹಸಿರು ಅಕ್ಷರಗಳಲ್ಲಿ, ಯಶಸ್ವಿಯಾಗಿ ಮುಗಿಯಿತು ಎಂಬ ಸಾಲು. ನವೀದ್ ಬೆನ್ನು ನೆಟ್ಟಗೆ ಮಾಡಿ ಬೆರಳು ಮುರಿದುಕೊಂಡ. ಕಾಕಾ, "ನಡೀರಿ ಸಾಹೇಬ್ರ, ಹುಗ್ಗಿ ಆರ್ತದ," ಎಂದು ಎದ್ದರು.

ಆಗ ಗೋಡೆಯ ಫಲಕದಲ್ಲಿ ಎರಡನೆಯ ಟಾಕಿಯ ದೀಪ ಕೆಂಪಿನಿಂದ ಹಸಿರಾಯಿತು.

ಕಾರ್ಡು ಇಲ್ಲದ ಮನುಷ್ಯ ಒಳಗಿರಲು ಸಾಧ್ಯವಿಲ್ಲವಲ್ಲ. ಆದ್ದರಿಂದ ಬಾಗಿಲಿನ ವ್ಯವಸ್ಥೆ ಆ ಮೂವರ ಹೆಸರನ್ನು ಒಳಗಿನವರ ಲೆಕ್ಕದಿಂದ ತೆಗೆದುಹಾಕಿತ್ತು. ಇದು ನನಗೆ ತಿಳಿದದ್ದು ಆಮೇಲೆ. ಆ ಕ್ಷಣಕ್ಕೆ ನನಗನಿಸಿದ್ದು ಇಷ್ಟೇ: ಓ, ಅವರು ಊಟಕ್ಕೆ ಹೊರಗೆ ಬಂದರು. ಕಂಟ್ರೋಲ್ ರೂಮಿನ ಆಪರೇಟರನಿಗೂ ಹಾಗೆಯೇ ಅನಿಸಿತು. ಟಾಕಿ ತಿಕ್ಕಿ ಮುಗಿದ ಮೇಲೆ ತಿರುಪನ್ನು ಒಮ್ಮೆ ತಿರುಗಿಸಿ ನೋಡಬೇಕಿತ್ತು. ಮಂದಿ ಊಟಕ್ಕೆ ಹೋದಾಗ ಅದನ್ನು ಮುಗಿಸಿಬಿಡೋಣವೆಂದು ಅವನು ಎಚ್ಚರಿಕೆಯ ಸೈರನ್ ಹಾಕಿದ.

ನಾನು ಅಭ್ಯಾಸಬಲದಿಂದ ಕಿಟಕಿಯ ಹೊರಗೆ ನೋಡಿದೆ. ಬೇವಿನ ಮರದ ಕೆಳಗೆ ಒಂದು ನಳವಿದೆ. ಟಾಕಿಯಿಂದ ಹೊರಬಿದ್ದವರು ಮೊದಲು ಓಡುವುದು ಅಲ್ಲಿಗೆ. ಮೂಗು, ಕಣ್ಣು, ಕಿವಿಯೆಲ್ಲ ಧೂಳು ತುಂಬಿ, ಒಬ್ಬರ ಮೇಲೊಬ್ಬರು ನೀರು ಎರಚಾಡುತ್ತ, ಕಾಶಿನಾಥನ ದನಿ ಎಲ್ಲರಿಗಿಂತ ಮೇಲೆ. ನಳದ ಬಳಿ ಯಾರೂ ಇರಲಿಲ್ಲ. ಒಂದು ಕಾಗೆ ಕಟ್ಟೆಯ ಮೇಲೆ ಕುಳಿತು ತೊಟ್ಟಿಕ್ಕುವ ನೀರಿಗೆ ಕೊಕ್ಕು ಒಡ್ಡಿತ್ತು. ಗೆಳೆಯರೆ, ಈಗ ನನ್ನ ನಿದ್ದೆಯಲ್ಲಿ ಬರುವುದು ತಿರುಪಲ್ಲ, ಸೈರನ್ ಅಲ್ಲ. ಬಿಸಿಲಿನಲ್ಲಿ ಯಾರೂ ಇಲ್ಲದ ಆ ನಳ.

ಪರದೆಯ ಮೇಲಿನ ಹೆಸರು, ಬೆಳಗಿನ ಕುಚೋದ್ಯ, ಹಸಿರಾದ ದೀಪ, ಖಾಲಿ ನಳ, ಎಲ್ಲವೂ ಒಮ್ಮೆಲೇ ಒಂದಕ್ಕೊಂದು ಕೂಡಿಕೊಂಡವು.

"ಕಾಕಾ, ಅವ್ರು ಒಳಗ ಅದಾರ!"

"ಯಾರು?"

"ಕಾಶಿನಾಥಣ್ಣ! ಟಾಕ್ಯಾಗ ಅದಾರ. ನಾವು ಈಗ ಕಾರ್ಡ್ ಬಂದ್ ಮಾಡಿದೆವಲ್ಲ, ಅವ್ರದೇ!"

ಕಾಕಾ ಫೋನಿಗೆ ಕೈ ಹಾಕಿ ಕಂಟ್ರೋಲ್ ರೂಮಿಗೆ ಹಚ್ಚಿದರು. ಅಲ್ಲಿ ಗಂಟೆ ಬಡಿಯುತ್ತಿತ್ತು, ಸೈರನ್ನಿನ ಅಬ್ಬರದಲ್ಲಿ ಆಪರೇಟರನಿಗೆ ಕೇಳಿಸುತ್ತಿರಲಿಲ್ಲ. ನವೀದ್ ಕುರ್ಚಿಯಲ್ಲಿ ಬಿದ್ದು, "ವಾಪಸ್ ತಗೋತೀನಿ, ವಾಪಸ್ ತಗೋತೀನಿ," ಎನ್ನುತ್ತ ಕೀಲಿಗಳನ್ನು ಒತ್ತುತ್ತಿದ್ದ. ನಾನು ಓಡಿದೆ.

ಓಡಿದೆ ಎಂದು ಬರೆಯುವುದು ಸುಲಭ. ಸೀರೆಯ ನೆರಿಗೆ ಕಾಲಿಗೆ ಸಿಕ್ಕಿತು, ಒಂದು ಚಪ್ಪಲಿ ಎಲ್ಲೋ ಹೋಯಿತು. ಅಂಗಳದಲ್ಲಿ ಹುಗ್ಗಿಯ ಎಲೆ ಹಾಕುತ್ತಿದ್ದವರು ನನ್ನನ್ನು ನೋಡಿ ನಕ್ಕಿರಲಿಕ್ಕೂ ಸಾಕು. ಸೈರನ್ ಎಷ್ಟು ಹೊತ್ತು ಕೂಗುತ್ತದೆ, ಅದು ನಿಂತ ಮೇಲೆ ತಿರುಪು ಹೊರಳಲು ಎಷ್ಟು ಹೊತ್ತು ಎಂಬುದನ್ನು ನಾನು ಎಂದೂ ಗಮನಿಸಿರಲಿಲ್ಲ. ಗಮನಿಸುವ ಅಗತ್ಯವೇ ಬಿದ್ದಿರಲಿಲ್ಲ.

ಬಾಗಿಲಿನಲ್ಲಿ ಬಾಗಿ ನೋಡಿದರೆ ಒಳಗೆ ಧೂಳಿನ ಮಬ್ಬು. ತುಕಾರಾಮ ಮೂಲೆಯಲ್ಲಿ ಹಳೆಯ ಕಾಳು ಗೋರುತ್ತಿದ್ದ. ಮಾಣಿಕ ಗೋಡೆ ಕೆರೆಯುತ್ತಿದ್ದ. ಕಾಶಿನಾಥ ಆ ಮಲಗಿದ ತಿರುಪಿನ ಮೇಲೆಯೇ, ಮನೆಯ ಕಟ್ಟೆಯ ಮೇಲೆ ಕೂತಂತೆ ಕೂತು, ತಂಬಾಕು ತಿಕ್ಕುತ್ತಿದ್ದ.

"ಬರ್ರೀ ಅಕ್ಕೋರ, ಎಲಿ ಹಾಕ್ಯಾರೇನು?"

"ಹೊರಗ ಬರ್ರಿ! ಜಲ್ದಿ! ತಿರುಪು ಚಾಲೂ ಮಾಡಾಕತ್ತಾರ!"

"ಅದು ಬ್ಯಾರೆ ಟಾಕೀದ್ ಇರ್ಬೇಕ್ರಿ." ಅವನು ಕೊರಳಿನ ಕಾರ್ಡು ಎತ್ತಿ ತೋರಿಸಿದ. "ನಾವು ಒಳಗ ಇದ್ದೀವಲ್ಲಾ. ಇದು ಇರೋ ತನಕ ಅದು ಚಾಲೂ ಆಗಂಗಿಲ್ರಿ."

ಕಾರ್ಡು ಬರುವ ಮೊದಲಿನ ಕಾಲದಲ್ಲಾದರೆ ಸೈರನ್ನಿನ ಮೊದಲ ಕೂಗಿಗೇ ಈ ಮೂವರು ಮೊಲಗಳಂತೆ ಹೊರಗೆ ಹಾರಿರುತ್ತಿದ್ದರು. ಹೆದರಬೇಡಿ, ಕಾರ್ಡು ನಿಮ್ಮನ್ನು ಕಾಯುತ್ತದೆ ಎಂದು ಅವರಿಗೆ ಕಲಿಸಿದವರು ನಾವು, ಟೈಮ್ ಆಫೀಸಿನವರು.

"ಕಾರ್ಡ್ ಸತ್ತದ!" ಎಂದು ಕಿರುಚಿದೆ. "ಕಾಶಿನಾಥಣ್ಣಾ, ನಿನ್ನ ಕಾರ್ಡ್ ಸತ್ತದ, ಏಳು!"

ಅವನಿಗೆ ನಾನು ಎಂದೂ ಏಕವಚನ ಆಡಿದವಳಲ್ಲ. ಬಹುಶಃ ಅದೇ ಅವನನ್ನು ಎಬ್ಬಿಸಿತು. ಮಾಣಿಕ ಮತ್ತು ತುಕಾರಾಮ ನನ್ನ ಪಕ್ಕದಿಂದ ಉರುಳಿಕೊಂಡು ಹೊರಬಿದ್ದರು. ಸೈರನ್ ನಿಂತಿತು. ಸದ್ದು ನಿಂತದ್ದು ಸದ್ದಿಗಿಂತ ಭೀಕರವಾಗಿತ್ತು. ಕಾಶಿನಾಥ ಎದ್ದು ಬಾಗಿಲಿನ ಕಡೆ ಜಿಗಿದ. ಅವನ ಹಿಂದೆ ಇಡೀ ಟಾಕಿ ಒಮ್ಮೆ ನರಳಿತು, ತಿರುಪು ಹೊರಳಿತು, ಅವನು ನೆಟ್ಟಗೆ ನಿಲ್ಲಿಸಿದ್ದ ಸಲಿಕೆಯನ್ನು ಹಿಡಿದುಕೊಂಡಿತು. ನಾನೂ ಮಾಣಿಕನೂ ಅವನ ತೋಳು ಹಿಡಿದು ಎಳೆದೆವು. ಅವನ ಮೊಣಕಾಲಿನ ಚರ್ಮ ಹೊಸ್ತಿಲ ಕಬ್ಬಿಣಕ್ಕೆ ತಾಗಿ ಹರಿಯಿತು. ಅಷ್ಟೇ ಗಾಯ. ಒಳಗಿನಿಂದ ಸಲಿಕೆಯ ಹಿಡಿ ಮುರಿಯುವ ಸದ್ದು ಕೇಳಿಸಿತು, ಆಮೇಲೆ ಅದರ ತಗಡು ಸುತ್ತಿಕೊಳ್ಳುವ ಸದ್ದು. ಆ ಎರಡನೆಯದನ್ನು ನಾನು ವರ್ಣಿಸಲಾರೆ.

ಕಾಶಿನಾಥ ನೆಲದ ಮೇಲೆ ಕುಳಿತು ತನ್ನ ಕಾಲುಗಳನ್ನೇ ನೋಡುತ್ತಿದ್ದ. ಅಂಗೈಯಲ್ಲಿ ತಂಬಾಕು ಹಾಗೆಯೇ ಇತ್ತು.

ನಾನು ಟೈಮ್ ಆಫೀಸಿಗೆ ಮರಳಿದಾಗ ನವೀದ್ ಹೊರಗೆ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಕಾಕಾ ಫೋನನ್ನು ಇನ್ನೂ ಕಿವಿಗೆ ಒತ್ತಿಕೊಂಡೇ ಕೂತಿದ್ದರು. ಪರದೆಯ ಮೇಲೆ ಹಸಿರು ಅಕ್ಷರಗಳು ಹಾಗೆಯೇ ಇದ್ದವು: ಯಶಸ್ವಿಯಾಗಿ ಮುಗಿಯಿತು.

ಆಮೇಲೆ ವಿಚಾರಣೆ ನಡೆಯಿತು. ತಪ್ಪು ಯಾರದೆಂದು ಹುಡುಕಲು ಬಂದವರು ದಣಿದು ಹೋದರು. ನವೀದ್ ಕೇಳಬೇಕಾದ್ದನ್ನು ಕೇಳಿದ್ದ. ಕಾಕಾ ತಮಗೆ ನಿಜವಾದದ್ದನ್ನು ಹೇಳಿದ್ದರು. ಆಪರೇಟರ್ ಸೈರನ್ ಹಾಕಿಯೇ ಗುಂಡಿ ಒತ್ತಿದ್ದ. ಕನೆಕ್ಟರ್ ಹೇಳಿದ್ದನ್ನು ಹೇಳಿದಂತೆ ಮಾಡಿತ್ತು. ಎಲ್ಲರೂ ಸರಿಯಿದ್ದೂ ಒಬ್ಬ ಮನುಷ್ಯ ಸಾಯಬಹುದೆಂಬ ಅರಿವು ಎಷ್ಟು ತಣ್ಣಗಿರುತ್ತದೆ! ಯಾರೋ ಒಬ್ಬ ದುಷ್ಟನಿದ್ದಿದ್ದರೆ, ಒಬ್ಬ ಕುಡುಕನಿದ್ದಿದ್ದರೆ, ನಾನು ಅವನನ್ನು ಬೈದು ಮಲಗುತ್ತಿದ್ದೆ.

ನವೀದ್ ವಾರವಿಡೀ ಕೂತು ಎಲ್ಲವನ್ನೂ ಮತ್ತೆ ಹೊಂದಿಸಿದ. ಟಾಕಿಯೊಳಗೆ ಇರುವವರ ಕಾರ್ಡನ್ನು ಇನ್ನು ಆ ಕನೆಕ್ಟರ್ ಮುಟ್ಟುವಂತಿಲ್ಲ. ಯಾರ ಕಾರ್ಡು ನಿಲ್ಲಿಸುವುದಿದ್ದರೂ ಮೊದಲು ಕಾರ್ಖಾನೆಯ ಒಬ್ಬ ಮನುಷ್ಯನ ಒಪ್ಪಿಗೆ ಪಡೆಯಬೇಕು. ಒಳಗಿನವರು ತಾವಾಗಿ ಹೊರಬಂದು ಕಾರ್ಡು ಮುಟ್ಟಿಸದ ಹೊರತು ದೀಪ ಹಸಿರಾಗದು. ಸೇವೆಗೆ ಬರುವವರಿಗೂ ಇನ್ನು ಹಾಜರಿ ಉಂಟು. ಕಾಕಾ ಅದಕ್ಕೆ ತಲೆ ತಗ್ಗಿಸಿ ಒಪ್ಪಿದರು. ಹೋಗುವ ದಿನ ನವೀದ್ ನನ್ನ ಬಳಿ ಬಂದು, "ಮೇಡಂ, ನಾ ಖರೇನಾ ಅಂತ ಎರಡನೇ ಸಲ ಕೇಳಿದ್ದೆ ಅಲ್ಲಾ? ಕೇಳಿದ್ದೆ ಹೌದಲ್ರಿ?" ಎಂದ. ಕೇಳಿದ್ದಿರಿ ಎಂದೆ. ಅವನಿಗೆ ಅದು ಸಾಕಾಗಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಈಗ ಅವನೂ ಕಲಬುರಗಿಯಲ್ಲಿ ನಿದ್ದೆಗೆಟ್ಟು ಅದನ್ನೇ ಕೇಳಿಕೊಳ್ಳುತ್ತಿರಬೇಕು.

ಸಂಜೆಯ ಬಸ್ಸಿನಲ್ಲಿ ಕಲ್ಯಾಣಕ್ಕೆ ಮರಳುವಾಗ ನಾನು ಸುಮ್ಮನೆ ಜನರನ್ನು ನೋಡುತ್ತ ಕೂರುತ್ತೇನೆ. ಮುಂದಿನ ಸೀಟಿನ ಅಜ್ಜಿ, ಬಾಗಿಲಲ್ಲಿ ನೇತಾಡುವ ಹುಡುಗರು, ಮಗುವಿನ ಮೂಗೊರೆಸುವ ತಾಯಿ, ಇವರೆಲ್ಲರೂ ಎಲ್ಲೆಲ್ಲಿಯೋ ಯಾವ ಯಾವುದೋ ಯಂತ್ರದೊಳಗೆ ಒಂದು ಸಾಲಾಗಿ ಇದ್ದಾರೆ. ಆ ಸಾಲಿನ ಮುಂದೆ ಯಾರೋ ಒಳ್ಳೆಯವರು, ಹುಷಾರಿನವರು, ಸಕ್ಕರೆಯಿಲ್ಲದ ಚಹಾ ಕುಡಿಯುತ್ತ, ಇವರು ಇನ್ನು ಬರುವುದಿಲ್ಲವಲ್ಲ ಎಂದು ಕೇಳುತ್ತಿರಬಹುದು. ಇನ್ನೊಬ್ಬರು ಒಳ್ಳೆಯವರು ನಗುತ್ತ ಇಲ್ಲವೆನ್ನುತ್ತಿರಬಹುದು. ನಾವು ಇದ್ದೇವೆ ಎಂಬುದಕ್ಕೆ ನಾವು ಇರುವುದು ಸಾಲದಾಗಿದೆ. ಇನ್ನಾರೋ ಹೌದೆನ್ನಬೇಕು. ಹಿಂದೆಯೂ ಹಾಗೆಯೇ ಇತ್ತೇನೋ, ಹೌದೆನ್ನುವವರ ಮುಖ ಮಾತ್ರ ಆಗ ಕಾಣುತ್ತಿತ್ತು.

ಉಳಿದ ಟಾಕಿಗಳ ಸ್ವಚ್ಛತೆ ಬಾಕಿಯಿತ್ತು. ಹೊಲದಲ್ಲಿ ಸೋಯಾ ಬಲಿಯುತ್ತಿತ್ತು, ಕಾಯುವಂತಿರಲಿಲ್ಲ. ಮುಡಬಿಯ ಮೂವರು ಬರುವುದಿಲ್ಲವೆಂದೇ ನಾನು ಅಂದುಕೊಂಡಿದ್ದೆ. ಬಂದರು. ಕಾಶಿನಾಥ ಸ್ವಲ್ಪ ಕುಂಟುತ್ತಿದ್ದ. ಟೈಮ್ ಆಫೀಸಿನ ಬಾಗಿಲಲ್ಲಿ ನಿಂತು ಕಾಕಾನಿಗೆ ಹೇಳಿದ:

"ಟಾಕಿ ತಿಕ್ಕತೀವ್ರಿ. ಆದ್ರ ಅಕ್ಕೋರು ಬಾಗಿಲ್ದಾಗ ಕುಂದ್ರಬೇಕು."

"ಈಗ ಎಲ್ಲಾ ಬರೋಬರಿ ಆಗ್ಯದೋ. ಕೆಂಪು ದೀಪ ಹತ್ತೇ ಇರ್ತದ."

"ಹತ್ತಲಿ ಬಿಡ್ರಿ ಕಾಕಾ, ದೀಪ ಅದರ ಪಾಡಿಗಿ ಹತ್ತಲಿ. ಅಕ್ಕೋರು ನಡುನಡುವ ಹೆಸರು ಹಿಡಿದು ಕೂಗಲಿ, ನಾವು ಓ ಅಂತೀವಿ."

ನಾನು ಮೂರನೆಯ ಟಾಕಿಯ ಬಾಗಿಲಿನಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಕಬ್ಬಿಣದ ಒಳಗಿನಿಂದ ಬರುವ ಗಾಳಿ ಹಳೆಯ ಎಣ್ಣೆಯ, ಬೂಷ್ಟಿನ ವಾಸನೆ ಹೊತ್ತಿತ್ತು. ನನ್ನ ಬೆನ್ನ ಹಿಂದೆ, ಟೈಮ್ ಆಫೀಸಿನಲ್ಲಿ, ಫಲಕದ ಕೆಂಪು ದೀಪ ಸರಿಯಾಗಿ ಉರಿಯುತ್ತಿದೆಯೆಂದು ಗೊತ್ತಿದ್ದೂ ನನಗೆ ನಂಬಿಕೆ ಬರಲಿಲ್ಲ. ಕೂಗಿದೆ. ಮಾಣಿಕ ಓ ಎಂದ. ತುಕಾರಾಮ ಓ ಎಂದ. ಕಾಶಿನಾಥ, "ಅದೀನ್ರೀ ಅಕ್ಕೋರ, ಎಲ್ಲಿಗಿ ಹೋಗ್ಲಿ!" ಎಂದ. ಒಳಗೆ ಮೂವರೂ ನಕ್ಕರು. ಮತ್ತೆ ಕೂಗಿದೆ. "ಹಿಂಗ ಕೂಗಿದ್ರ ನಮ್ಮ ಹೆಸರು ಸವೆದು ಹೋಗ್ತಾವು," ಎಂದ. ನನಗೂ ನಗು ಬಂತು. ಬಹಳ ದಿನದ ಮೇಲೆ ಬಂದ ನಗು.

ಇನ್ನೊಮ್ಮೆ ಕೂಗಿದಾಗ ಅವನು ಓಗೊಡಲಿಲ್ಲ.

"ಕಾಶಿನಾಥಣ್ಣಾ?"

ಇಲ್ಲ. ತಮಾಷೆ ಮಾಡುತ್ತಿದ್ದಾನೆ, ಅವನ ಬುದ್ಧಿಯೇ ಅಂಥದ್ದು ಎಂದುಕೊಂಡೆ. ಸಿಟ್ಟು ಬಂತು. ಸಿಟ್ಟಿನ ತಳದಿಂದ ಆ ದಿನದ ತಣ್ಣನೆಯ ಭಯ ಏರಿಬಂತು. "ಕಾಶಿನಾಥಣ್ಣಾ, ಹಿಂಗ ಹುಡುಗಾಟ ಮಾಡಬ್ಯಾಡ್ರಿ!" ಎಂದು ಗದರಿಸಿ ಬಾಗಿಲೊಳಗೆ ತಲೆ ಹಾಕಿದೆ.

ಅವನು ಟಾಕಿಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ತಿರುಪಿನಿಂದ ಎಷ್ಟು ದೂರ ಸರಿಯಬಹುದೋ ಅಷ್ಟು ದೂರ. ಹೊರಗೆ ಹೆದ್ದಾರಿಯಲ್ಲಿ ಯಾವುದೋ ಲಾರಿ ಉದ್ದಕ್ಕೆ ಹಾರ್ನು ಹೊಡೆಯುತ್ತ ಹೋಗಿತ್ತು. ನಾನು ಅದನ್ನು ಕೇಳಿಸಿಕೊಂಡಿದ್ದೆ, ಲಾರಿಯೆಂದು ಬಿಟ್ಟಿದ್ದೆ. ಕಬ್ಬಿಣದ ಒಳಗೆ ಅದು ಹೇಗೆ ಕೇಳಿಸಿತೋ! ಅವನ ಬಾಯಿ ತೆರೆದಿತ್ತು, ತುಟಿಗಳು ಅಲುಗುತ್ತಿದ್ದವು, ದನಿ ಇರಲಿಲ್ಲ.

ಮಾಣಿಕ ಅವನ ಕೈ ಹಿಡಿದು ಬಾಗಿಲಿನ ತನಕ ಕರೆತಂದ. ಅವನು ಹೊಸ್ತಿಲ ಒಳಗೆ ಕೂತ, ನಾನು ಹೊರಗೆ. ಕಾರ್ಖಾನೆಯನ್ನೆಲ್ಲ ನಗಿಸುವ ಮನುಷ್ಯ ಧೂಳು ಮೆತ್ತಿದ ಕೆನ್ನೆಯ ಮೇಲೆ ಎರಡು ಒದ್ದೆ ಗೆರೆ ಇಳಿಸಿಕೊಂಡು ಕೂತಿದ್ದ. ನೀರು ಕೊಟ್ಟೆ. ಕುಡಿದ.

"ಹುಡುಗಾಟ ಅಲ್ರೀ ಅಕ್ಕೋರ," ಎಂದ. "ಓ ಅನ್ಬೇಕಂದೆ. ಬಾಯಿಂದ ಬರ್ಲಿಲ್ಲ."

"ನನಗೂ ಹಂಗೇ ಆಗ್ತದ," ಎಂದೆ. "ನಳ ಕಂಡ್ರ."

ಯಾವ ನಳವೆಂದು ಅವನು ಕೇಳಲಿಲ್ಲ. ತಂಬಾಕಿನ ಚೀಲ ತೆಗೆದ, ಹಾಗೆಯೇ ಒಳಗಿಟ್ಟ. ಇವತ್ತಿಗೆ ಸಾಕು, ಮನೆಗೆ ಹೋಗಿರಿ ಎಂದೆ. ಅವನು ಬೇಡವೆಂದು ತಲೆಯಾಡಿಸಿ ಎದ್ದು, ಒಳಗಿನ ಮಬ್ಬಿಗೆ ಮುಖ ಮಾಡಿ ನಿಂತ. ಒಂದು ಹೆಜ್ಜೆ ಇಟ್ಟು ತಡೆದ.

"ಈಗ ಕೂಗ್ರಿ," ಎಂದ, ತಿರುಗಿ ನೋಡದೆ. "ನಾ ಒಳಗ ಹೋಗೂ ತನಕ ಬಿಡದ ಕೂಗ್ರಿ."

ಕೂಗಿದೆ.

"ಓ," ಎಂದ ಕಾಶಿನಾಥ. ದನಿ ಇನ್ನೂ ನಡುಗುತ್ತಿತ್ತು, ನನ್ನದರ ಹಾಗೆ.